ಚಿತ್ರಕ್ಕೆ ಜೀವ ತುಂಬುವ ವಿದ್ಯೆ: ಕಲಿಸಬೇಕಾದುದೇನು?

2026ರ ಫೆಬ್ರುವರಿ 1ರಂದು ಸಂಸತ್ತಿನಲ್ಲಿ ಮಂಡಿತವಾದ ಕೇಂದ್ರ ಮುಂಗಡಪತ್ರದಲ್ಲಿ ಗಮನಿಸಬೇಕಾದ ಒಂದು ಪ್ರಸ್ತಾಪವಿದೆ. ದೇಶದ 15,000 ಪ್ರೌಢಶಾಲೆಗಳಲ್ಲಿ ಹಾಗೂ 500 ಕಾಲೇಜುಗಳಲ್ಲಿ ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕಲಿಕೆಗೆ ಪ್ರಯೋಗಾಲಯಗಳನ್ನು ಸ್ಥಾಪಿಸಲು ಮುಂಬಯಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್ ಸಂಸ್ಥೆಗೆ ನೆರವು ನೀಡಲಾಗುವುದು ಎಂಬುದೇ ಆ ಪ್ರಸ್ತಾಪ. 2030ರ ಹೊತ್ತಿಗೆ ಈ ಕ್ಷೇತ್ರಕ್ಕೆ 20 ಲಕ್ಷ ವೃತ್ತಿಪರರು ಬೇಕಾಗುತ್ತಾರೆಂಬ ಅಂದಾಜನ್ನೂ ಹಣಕಾಸು ಸಚಿವರು ಸದನದ ಮುಂದಿಟ್ಟರು. ತೆರಿಗೆ, ರೈಲುಮಾರ್ಗ, ಸಬ್ಸಿಡಿಗಳ ಚರ್ಚೆಯ ಗದ್ದಲದಲ್ಲಿ ಈ ಮಾತು ಹೆಚ್ಚು ಜನರ ಕಿವಿಗೆ ಬಿದ್ದಂತಿಲ್ಲ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. ಈ ಕ್ಷೇತ್ರಕ್ಕಾಗಿಯೇ ಪ್ರತ್ಯೇಕ ನೀತಿಯೊಂದನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ನಮ್ಮದು. ಅದು 2012ರ ಮಾತು. ಆ ಬಳಿಕ ಎರಡನೆಯ ನೀತಿ ಬಂತು. 2024ರಲ್ಲಿ ಮೂರನೆಯ ನೀತಿಯನ್ನು ಪ್ರಕಟಿಸಿದ ಸರ್ಕಾರ, 30,000 ಹೊಸ ಉದ್ಯೋಗಗಳ ಸೃಷ್ಟಿಯ ಗುರಿಯನ್ನೂ ಹೇಳಿಕೊಂಡಿತು. ನೀತಿಗಳ ಕೊರತೆ ನಮಗಿಲ್ಲ. ಆದರೆ ನೀತಿಯ ಪುಟದಿಂದ ಶಾಲೆಯ ಕೊಠಡಿಗೆ ಇಳಿಯುವಾಗ ಏಳುವ ಒಂದು ಸರಳ ಪ್ರಶ್ನೆಗೆ ಇನ್ನೂ ಸ್ಪಷ್ಟ ಉತ್ತರ ದೊರೆತಿಲ್ಲ. ಅನಿಮೇಷನ್ ಕಲಿಸುತ್ತೇವೆ ಎಂದಾಗ ನಾವು ಕಲಿಸಲು ಹೊರಟಿರುವುದು ಏನನ್ನು?

ಈ ಪ್ರಶ್ನೆ ಎಷ್ಟು ಗಂಭೀರವಾದುದು ಎಂಬುದನ್ನು 2025ರ ಫೆಬ್ರುವರಿ ತಿಂಗಳು ತೋರಿಸಿಕೊಟ್ಟಿತು. ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿ ಕುಸಿದುಬಿದ್ದಾಗ ಅದರ ಭಾರತೀಯ ಘಟಕವೂ ಬಾಗಿಲು ಹಾಕಿತು. ಸುಮಾರು ಮೂರು ಸಾವಿರ ಜನರ ಉದ್ಯೋಗ ಕೆಲವೇ ದಿನಗಳಲ್ಲಿ ಇಲ್ಲವಾಯಿತು. ಅವರಲ್ಲಿ ಬಹುಪಾಲು ಮಂದಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದವರು. ಹಾಲಿವುಡ್ಡಿನ ದೊಡ್ಡ ಚಿತ್ರಗಳ ದೃಶ್ಯಗಳನ್ನು ತಿದ್ದಿ ತೀಡಿದ ಕೈಗಳು ಅವು. ಅವರ ಕೆಲಸದಲ್ಲಿ ಲೋಪವಿತ್ತೆಂದು ಯಾರೂ ಹೇಳಲಿಲ್ಲ. ಸಾವಿರಾರು ಮೈಲಿ ದೂರದ ಲೆಕ್ಕಪುಸ್ತಕವೊಂದು ತಪ್ಪಿತು, ಇಲ್ಲಿನ ಮನೆಗಳ ಒಲೆಗೆ ಅದರ ಬಿಸಿ ತಟ್ಟಿತು.

ಆ ಸುದ್ದಿ ಬೆಂಗಳೂರಿನಲ್ಲಿ ಎಷ್ಟು ಚರ್ಚೆಯಾಯಿತೋ ಅಷ್ಟೇ ಆತಂಕದಿಂದ ಊರುಗಳಲ್ಲಿಯೂ ಚರ್ಚೆಯಾಯಿತು. ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ಹೆದ್ದಾರಿಯ ಮೇಲಿರುವ ಭರಮಸಾಗರ ಅಂಥ ಊರುಗಳಲ್ಲಿ ಒಂದು. ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ ದೊಡ್ಡ ಕೆರೆ, ಸುತ್ತ ಮೆಕ್ಕೆಜೋಳ, ಈರುಳ್ಳಿಯ ಹೊಲಗಳು, ನೀರಿದ್ದೆಡೆ ಅಡಿಕೆ ತೋಟ. ಇಲ್ಲಿನ ರೈತರು ಮಕ್ಕಳನ್ನು ಎಂಜಿನಿಯರಿಂಗಿಗೆ, ನರ್ಸಿಂಗಿಗೆ ಕಳುಹಿಸಿದ್ದಾರೆ. ಈಚಿನ ವರ್ಷಗಳಲ್ಲಿ ಅನಿಮೇಷನ್ ತರಗತಿಗಳಿಗೂ ಕಳುಹಿಸುತ್ತಿದ್ದಾರೆ. ಖಾಸಗಿ ಸಂಸ್ಥೆಗಳ ಶುಲ್ಕ, ಹಾಸ್ಟೆಲ್, ಶಕ್ತಿಶಾಲಿ ಕಂಪ್ಯೂಟರ್ ಎಲ್ಲ ಸೇರಿದರೆ ವೆಚ್ಚ ಲಕ್ಷಗಳ ಲೆಕ್ಕಕ್ಕೆ ಹೋಗುತ್ತದೆ. ಎರಡು ಬೆಳೆಯ ಉಳಿತಾಯ ಒಂದು ಮಗುವಿನ ಒಂದು ವರ್ಷದ ಕಲಿಕೆಗೆ ಸಾಲದೆ ಹೋಗಬಹುದು. ಹೀಗೆ ಹೂಡಿದ ಹಣ ಯಾವ ಬಗೆಯ ವಿದ್ಯೆಯಾಗಿ ಮಗುವಿನ ಕೈಯಲ್ಲಿ ಉಳಿಯುತ್ತದೆ ಎಂಬುದು ತಂದೆತಾಯಿಗಳ ಪಾಲಿಗೆ ಜೀವನ್ಮರಣದ ಪ್ರಶ್ನೆ.

ಭರಮಸಾಗರದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮಗಳು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಅನಿಮೇಷನ್ ಕಲಿಯುತ್ತಿದ್ದಾಳೆ. ಈ ವಿದ್ಯೆಯ ಒಳಹೊರಗನ್ನು ನಾನು ತಿಳಿದುಕೊಂಡದ್ದು ಬಹುಮಟ್ಟಿಗೆ ಅವಳಿಂದಲೇ. ಅವಳ ಅದೃಷ್ಟವೆಂದರೆ, ಅವಳ ಅಧ್ಯಾಪಕರು ಮೊದಲ ಆರು ತಿಂಗಳು ಮಕ್ಕಳನ್ನು ಕಂಪ್ಯೂಟರಿನ ಬಳಿಗೆ ಬಿಡಲಿಲ್ಲ. ಒಂದಾದ ಮೇಲೊಂದರಂತೆ ಹಳೆಯ ವಿಧಾನಗಳನ್ನು ಕೈಯಿಂದ ಮಾಡಿಸಿದರು. ಮೊದಲಿಗೆ ಇದರಿಂದ ಬೇಸರಗೊಂಡು ಮನೆಗೆ ಫೋನು ಮಾಡಿದವಳು, ಈಗ ಅದೇ ಆರು ತಿಂಗಳನ್ನು ತನ್ನ ಕಲಿಕೆಯ ಬುನಾದಿ ಎನ್ನುತ್ತಾಳೆ. ಅವಳ ಅನುಭವದಲ್ಲಿ ನೀತಿ ರೂಪಿಸುವವರಿಗೂ ಉಪಯುಕ್ತವಾದ ಸಂಗತಿಗಳಿವೆ.

ಮೊದಲ ಪಾಠ ಪುಟ್ಟ ಕಾಗದದ ಕಟ್ಟಿನದು. ಪ್ರತಿ ಹಾಳೆಯಲ್ಲೂ ಚೆಂಡಿನ ಚಿತ್ರ ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟಾಗ ಚೆಂಡು ನೆಲಕ್ಕೆ ಬಡಿದು ಪುಟಿಯಬೇಕು. ಚಿತ್ರಗಳ ನಡುವಿನ ಅಂತರ ಎಲ್ಲ ಕಡೆ ಸಮನಾಗಿದ್ದರೆ ಚೆಂಡು ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ಮೇಲೆ ಅದು ನಿಧಾನಿಸುವಲ್ಲಿ ಚಿತ್ರಗಳು ಹತ್ತಿರ ಹತ್ತಿರ ಇರಬೇಕು, ನೆಲದ ಸಮೀಪ ವೇಗ ಹೆಚ್ಚುವಲ್ಲಿ ದೂರ ದೂರ. ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಗುರುತ್ವಾಕರ್ಷಣೆ ತನಗೆ ಅರ್ಥವಾದದ್ದು ಅಂದೇ ಎಂದು ಅವಳು ನಗುತ್ತಾ ಹೇಳಿದಳು.

ಆ ರಜೆಯಲ್ಲಿ ಊರಿಗೆ ಬಂದವಳು ಈರುಳ್ಳಿ ಚೀಲಗಳನ್ನು ಲಾರಿಗೆ ಹೇರುವ ಹಮಾಲರನ್ನು ಗಂಟೆಗಟ್ಟಲೆ ನೋಡಿದಳಂತೆ. "ದೊಡ್ಡಪ್ಪ, ಚೀಲ ಎತ್ತುವ ಮೊದಲು ಅವರ ಮೈ ಒಂದು ಗಳಿಗೆ ಕೆಳಗೆ ಇಳಿಯುತ್ತದೆ. ಆ ಇಳಿತ ಬಿಟ್ಟು ಚಿತ್ರ ಬರೆದರೆ ಚೀಲದಲ್ಲಿ ಈರುಳ್ಳಿಯೇ ಇಲ್ಲ ಅನ್ನಿಸುತ್ತದೆ" ಎಂದಳು. ಭಾರವನ್ನು ತೋರಿಸುವುದು ಚೀಲದ ಗಾತ್ರವಲ್ಲ, ಹೊರುವವನ ಮೊಣಕಾಲು ಎಂಬುದನ್ನು ಅವಳು ಕಂಡುಕೊಂಡಿದ್ದಳು. ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಲೆಯ ಹನ್ನೆರಡು ಮೂಲತತ್ತ್ವಗಳನ್ನು ವಿವರಿಸಿದ್ದಾರೆ. ಯಾವುದೇ ಚಲನೆಗೆ ಮುನ್ನ ದೇಹ ನಡೆಸುವ ಪೂರ್ವಸಿದ್ಧತೆ ಅವುಗಳಲ್ಲಿ ಒಂದು. ಆ ಪುಸ್ತಕದ ಪಾಠ ಭರಮಸಾಗರದ ಸಂತೆಯಲ್ಲಿ ಪ್ರತಿ ವಾರ ನಡೆಯುತ್ತಲೇ ಇದೆ. ನೋಡುವ ಕಣ್ಣು ಬೇಕು.

ಎರಡನೆಯದು ಮಣ್ಣಿನ ಗೊಂಬೆಯ ವಿಧಾನ. ಗೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಮತ್ತೊಂದು ಫೋಟೊ. ಸಿನಿಮಾ ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಭಂಗಿಯನ್ನೂ ಎರಡು ಚೌಕಟ್ಟುಗಳಿಗೆ ಬಳಸಿದರೂ ಸೆಕೆಂಡಿಗೆ ಹನ್ನೆರಡು ಬಾರಿ ಗೊಂಬೆಯನ್ನು ಮುಟ್ಟಬೇಕು. ಕೆರೆಯ ಜೇಡಿಮಣ್ಣು ದೀಪದ ಕಾವಿಗೆ ಒಣಗಿ ಬಿರುಕು ಬಿಡುವುದರಿಂದ ಎಣ್ಣೆ ಬೆರೆತ ಮಣ್ಣನ್ನೇ ಬಳಸಬೇಕು. ಇಡೀ ದಿನ ದುಡಿದರೆ ನಾಲ್ಕೈದು ಸೆಕೆಂಡುಗಳ ಚಿತ್ರ ಸಿಕ್ಕೀತು. ಮಧ್ಯೆ ಕೈ ತಗುಲಿ ಗೊಂಬೆ ಅಲುಗಿದರೆ ಹಿಂದಿನ ಸ್ಥಾನಕ್ಕೆ ಮರಳಿಸುವುದು ಬಹು ಕಷ್ಟ. ಅಳಿಸಿ ಮತ್ತೆ ಬರೆಯಲು ಬಾರದ ಈ ಕೆಲಸ ತನಗೆ ಕಲಿಸಿದ್ದು ಮೊದಲೇ ಯೋಚಿಸುವುದನ್ನು ಎನ್ನುತ್ತಾಳೆ ಅವಳು. ಸುರೇಶ್ ಎರಿಯಾಟ್ ಅವರ ‘ಟೋಕ್ರಿ’ ಎಂಬ ಕಿರುಚಿತ್ರ ಇದೇ ವಿಧಾನದಲ್ಲಿ ರೂಪುಗೊಂಡು ರಾಷ್ಟ್ರಪ್ರಶಸ್ತಿ ಪಡೆದಿದೆ. ಇಷ್ಟು ನಿಧಾನದ ಕೆಲಸಕ್ಕೂ ನಮ್ಮ ದೇಶದಲ್ಲಿ ಸ್ಥಾನವಿದೆ ಎಂಬುದಕ್ಕೆ ಅದು ಸಾಕ್ಷಿ.

ಮೂರನೆಯ ವಿಧಾನಕ್ಕೆ ಬಂದಾಗ ಅವಳಿಗೊಂದು ಆಶ್ಚರ್ಯ ಕಾದಿತ್ತು. ಕಾಗದವನ್ನು ಆಕೃತಿಗಳಾಗಿ ಕತ್ತರಿಸಿ, ಕೀಲುಗಳಲ್ಲಿ ಜೋಡಿಸಿ, ಕೆಳಗಿನಿಂದ ಬೆಳಕು ಬಿಟ್ಟು ಮೇಲಿನಿಂದ ಚಿತ್ರಿಸುವ ಕ್ರಮವದು. ಜರ್ಮನಿಯ ಲೋಟೆ ರೈನಿಗರ್ ಎಂಬಾಕೆ ಈ ಕ್ರಮದಲ್ಲಿಯೇ 1926ರಲ್ಲಿ ರಾಜಕುಮಾರ ಅಹ್ಮದನ ಸಾಹಸಗಳನ್ನು ಕುರಿತ ಪೂರ್ಣಪ್ರಮಾಣದ ಚಿತ್ರವನ್ನು ತೆರೆಗೆ ತಂದರು. ಇಂದಿಗೂ ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ತರಗತಿಯಲ್ಲಿ ಅದರ ತುಣುಕನ್ನು ತೋರಿಸಿದಾಗ ಇವಳಿಗೆ ಥಟ್ಟನೆ ನೆನಪಾದದ್ದು ತೊಗಲುಗೊಂಬೆಯಾಟ.

ಆಡಿನ ತೊಗಲನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ಕೀಲು ಕಟ್ಟಿ ಪರದೆಯ ಹಿಂದೆ ಕುಣಿಸುವ ಕಲೆ ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಬಂದಿದೆ. ಗೊಂಬೆಯ ಗಾತ್ರದಲ್ಲಿಯೇ ಪಾತ್ರದ ಅಂತಸ್ತನ್ನು ತಿಳಿಸುವ ಜಾಣ್ಮೆ ಅದರದು: ರಾಜ ದೊಡ್ಡವನು, ಸೇವಕ ಚಿಕ್ಕವನು. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಕಥೆಗಳಾಚೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಗೊಂಬೆಗಳಿಂದ ಹೇಳಿಸಿ ಈ ಕಲೆಯ ವ್ಯಾಪ್ತಿಯನ್ನು ಹಿಗ್ಗಿಸಿದ್ದರು. 2023ರಲ್ಲಿ ಅವರು ನಮ್ಮನ್ನಗಲಿದರು. ಪರದೆ, ಬೆಳಕು, ಕೀಲು, ಲಯ ಇವೆಲ್ಲ ನಮ್ಮ ಹಳ್ಳಿಗಾಡಿನಲ್ಲಿಯೇ ಇದ್ದವು. ಆದರೂ ಬೆಂಗಳೂರಿನ ತರಗತಿಯಲ್ಲಿ ಜರ್ಮನಿಯ ಚಿತ್ರ ನೋಡಿದ ಮೇಲೆಯೇ ಒಬ್ಬ ವಿದ್ಯಾರ್ಥಿನಿಗೆ ಅದರ ಬೆಲೆ ತಿಳಿಯುವಂತಾದದ್ದು ನಮ್ಮ ಶಿಕ್ಷಣಕ್ರಮದ ಕೊರತೆ.

ಬಳಿಕ ಬಂದದ್ದು ಕೈಯಿಂದ ಬರೆಯುವ ಸಾಂಪ್ರದಾಯಿಕ ವಿಧಾನ. ಹತ್ತು ನಿಮಿಷದ ಚಿತ್ರಕ್ಕೆ 14,400 ಚೌಕಟ್ಟುಗಳು. ಎರಡಕ್ಕೊಂದರಂತೆ ಬರೆದರೂ 7,200 ಚಿತ್ರಗಳು. ಮುಖ್ಯ ಭಂಗಿಗಳನ್ನು ಅನುಭವಿ ಕಲಾವಿದ ಬರೆದರೆ ನಡುವಿನವನ್ನು ಕಿರಿಯರು ತುಂಬುತ್ತಾರೆ. ಅವಳಿಗೆ ಕೊಟ್ಟ ಅಭ್ಯಾಸ ಒಬ್ಬ ವ್ಯಕ್ತಿಯ ನಡಿಗೆ. ತನ್ನ ಅಜ್ಜಿಯ ನಡಿಗೆಯನ್ನೇ ಅವಳು ಆರಿಸಿಕೊಂಡಳು. ನೋವಿರುವ ಕಾಲಿನ ಮೇಲೆ ದೇಹ ಕಡಿಮೆ ಹೊತ್ತು ನಿಲ್ಲುತ್ತದೆ, ನೋವಿಲ್ಲದ ಕಾಲಿನ ಮೇಲೆ ಹೆಚ್ಚು ಹೊತ್ತು. ಆ ವ್ಯತ್ಯಾಸ ಎರಡು ಮೂರು ಚಿತ್ರಗಳಷ್ಟೇ. ಅಷ್ಟನ್ನು ಹಿಡಿದರೆ ಪರದೆಯ ಮೇಲೆ ಅಜ್ಜಿ ಬರುತ್ತಾಳೆ, ತಪ್ಪಿದರೆ ಯಾರೋ ಒಬ್ಬ ಮುದುಕಿ. ಈ ಕೆಲಸ ಮಾಡಿದ ಮೇಲೆಯೇ ಅಜ್ಜಿಯ ನೋವು ಯಾವ ಕಾಲಿನಲ್ಲಿದೆ ಎಂದು ತನಗೆ ಗೊತ್ತಾಯಿತೆಂದು ಅವಳು ಹೇಳಿದಾಗ, ಇದು ಬರಿಯ ಉದ್ಯೋಗದ ವಿದ್ಯೆಯಲ್ಲವೆಂದು ನನಗನ್ನಿಸಿತು.

ಕೊನೆಗೆ ಕಂಪ್ಯೂಟರ್. ಮೂರು ಆಯಾಮದ ಆಕೃತಿ, ಅದರೊಳಗೆ ಅಸ್ಥಿಪಂಜರ, ಮೇಲೆ ಚರ್ಮ, ಬೆಳಕು, ನೆರಳು. ಇಲ್ಲಿ ಮೊದಲ ಭಂಗಿ ಮತ್ತು ಕೊನೆಯ ಭಂಗಿಯನ್ನು ಕೊಟ್ಟರೆ ನಡುವಿನವನ್ನು ಯಂತ್ರವೇ ತುಂಬುತ್ತದೆ. ಸಾವಿರಾರು ಚಿತ್ರಗಳ ಶ್ರಮ ಉಳಿಯುತ್ತದೆ. ಆದರೆ ಯಂತ್ರ ತುಂಬಿಕೊಡುವ ಚಲನೆಗೆ ಭಾರವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಅದನ್ನು ತಿದ್ದುವುದು ಕಲಾವಿದನ ಕೆಲಸ. ನೇರವಾಗಿ ಕಂಪ್ಯೂಟರಿನಿಂದಲೇ ಕಲಿಕೆ ಆರಂಭಿಸಿ ಬಂದ ಕೆಲವು ಸಹಪಾಠಿಗಳಿಗೆ ಆ ದೋಷ ಕಾಣುತ್ತಲೇ ಇರಲಿಲ್ಲ ಎಂದು ಅವಳು ಗಮನಿಸಿದ್ದಾಳೆ. ಹಾಳೆ ಮಗುಚಿ ಚೆಂಡು ಪುಟಿಸಿದವರಿಗೆ ಅದು ಒಂದೇ ನೋಟಕ್ಕೆ ಕಂಡಿತು.

ಇದು ಒಬ್ಬ ವಿದ್ಯಾರ್ಥಿನಿಯ ಅಭಿಪ್ರಾಯ ಮಾತ್ರವಲ್ಲ. ಕಂಪ್ಯೂಟರ್ ಅನಿಮೇಷನ್ ಇನ್ನೂ ಎಳವೆಯಲ್ಲಿದ್ದ 1987ರಲ್ಲಿಯೇ ಪಿಕ್ಸರ್ ಸಂಸ್ಥೆಯ ಜಾನ್ ಲ್ಯಾಸೆಟರ್, ಕೈಬರಹದ ಚಿತ್ರಗಳ ಹಳೆಯ ತತ್ತ್ವಗಳೇ ಹೊಸ ಮಾಧ್ಯಮಕ್ಕೂ ಆಧಾರವಾಗಬೇಕೆಂದು ಪ್ರಬಂಧವೊಂದರಲ್ಲಿ ವಾದಿಸಿದ್ದರು. ಎಂಟು ವರ್ಷಗಳ ಬಳಿಕ, 1995ರಲ್ಲಿ, ಅವರದೇ ನಿರ್ದೇಶನದ ‘ಟಾಯ್ ಸ್ಟೋರಿ’ ಸಂಪೂರ್ಣವಾಗಿ ಕಂಪ್ಯೂಟರಿನಲ್ಲಿ ತಯಾರಾದ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿ ತೆರೆಕಂಡಿತು. ಉಪಕರಣ ಪೂರ್ತಿ ಬದಲಾದರೂ ತತ್ತ್ವ ಬದಲಾಗಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಗ್ಯಾರಿ ಬೆಕರ್ ನೆನಪಾಗುವುದು ಸಹಜ. ಮಾನವ ಬಂಡವಾಳವನ್ನು ಕುರಿತ 1964ರ ಗ್ರಂಥದಲ್ಲಿ ಆತ ತರಬೇತಿಯನ್ನು ಎರಡು ಬಗೆಯಾಗಿ ವಿಂಗಡಿಸಿದ. ಒಂದು, ಎಲ್ಲಿ ಹೋದರೂ ಕೆಲಸಕ್ಕೆ ಬರುವ ಸಾಮಾನ್ಯ ಕೌಶಲ. ಮತ್ತೊಂದು, ಒಂದೇ ಉದ್ದಿಮೆಯಲ್ಲಿ ಮಾತ್ರ ಬೆಲೆಯುಳ್ಳ ನಿರ್ದಿಷ್ಟ ಕೌಶಲ. ಈ ವಿಂಗಡಣೆಯನ್ನು ತುಸು ಹಿಗ್ಗಿಸಿ ನಮ್ಮ ವಿಷಯಕ್ಕೆ ಅನ್ವಯಿಸಬಹುದು. ಒಂದು ಸಾಫ್ಟ್‌ವೇರಿನ ಗುಂಡಿಗಳನ್ನು ಒತ್ತುವುದು, ಒಂದು ಸ್ಟುಡಿಯೊ ಒಪ್ಪಿಸುವ ಒಂದೇ ತುಂಡು ಕೆಲಸವನ್ನು ದಿನವಿಡೀ ಮಾಡುವುದು ನಿರ್ದಿಷ್ಟ ಕೌಶಲದ ಸಮೀಪಕ್ಕೆ ಬರುತ್ತದೆ. ಭಾರ, ವೇಗ, ಲಯ, ಭಾವ ಇವುಗಳ ಅರಿವು ಸಾಮಾನ್ಯ ಕೌಶಲ. ಸ್ಟುಡಿಯೊ ಮುಚ್ಚಿದ ದಿನ ಮೊದಲನೆಯದರ ಬೆಲೆ ಕುಸಿಯುತ್ತದೆ. ಎರಡನೆಯದು ಕಲಿತವನ ಜೊತೆಯಲ್ಲಿಯೇ ಹೊರನಡೆಯುತ್ತದೆ. ಯಾಂತ್ರಿಕ ಬುದ್ಧಿಮತ್ತೆ ಕ್ಷಣಗಳಲ್ಲಿ ಚಲಿಸುವ ಚಿತ್ರ ತಯಾರಿಸಿಕೊಡುತ್ತಿರುವ ಈ ಕಾಲದಲ್ಲಂತೂ, ತುಂಡು ಕೆಲಸಗಳೇ ಮೊದಲು ಯಂತ್ರದ ಪಾಲಾಗುವ ಸಂಭವ ಹೆಚ್ಚು. ಯಂತ್ರ ಕೊಟ್ಟದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ಹೇಳಬಲ್ಲವನಿಗೆ ಆಗಲೂ ಕೆಲಸವಿರುತ್ತದೆ.

ಶ್ರಮವಿಭಜನೆಯ ಲಾಭವನ್ನು ಗುಂಡುಸೂಜಿ ಕಾರ್ಖಾನೆಯ ಉದಾಹರಣೆಯಿಂದ 1776ರಲ್ಲಿ ವಿವರಿಸಿದ ಆಡಂ ಸ್ಮಿತ್, ಅದೇ ಗ್ರಂಥದ ಕೊನೆಯ ಭಾಗದಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಜೀವನಪೂರ್ತಿ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ. ಇದನ್ನು ತಡೆಯಲು ಸಾರ್ವಜನಿಕ ಶಿಕ್ಷಣಕ್ಕೆ ಪ್ರಭುತ್ವವೇ ಮುಂದಾಗಬೇಕು ಎಂಬುದು ಅವನ ನಿಲುವು. ಸ್ಟುಡಿಯೊ ತನಗೆ ಬೇಕಾದ ತುಂಡು ಕೆಲಸವನ್ನು ತಾನೇ ಕಲಿಸಿಕೊಳ್ಳುತ್ತದೆ. ಎಲ್ಲಿಯೂ ಸಲ್ಲುವ ಸಾಮಾನ್ಯ ಕೌಶಲಕ್ಕೆ ಅದು ಹಣ ಹೂಡುವುದಿಲ್ಲ, ಕಲಿತವನು ನಾಳೆ ಬೇರೆಡೆಗೆ ಹೋಗಬಹುದೆಂಬ ಭಯ ಅದಕ್ಕಿರುತ್ತದೆ. ಸಾರ್ವಜನಿಕ ಹಣ ಹರಿಯಬೇಕಾದದ್ದು ಇಲ್ಲಿಗೇ.

ಸರ್ಕಾರಕ್ಕೆ ಇಂಥ ಕೆಲಸ ಸಾಧ್ಯವೇ ಎಂದು ಕೇಳುವವರಿಗೆ ನಮ್ಮದೇ ಚರಿತ್ರೆಯಲ್ಲಿ ಉತ್ತರವಿದೆ. 1956ರಲ್ಲಿ ಫಿಲ್ಮ್ಸ್ ಡಿವಿಷನ್ ತನ್ನ ಕಾರ್ಟೂನ್ ಘಟಕವನ್ನು ಆರಂಭಿಸಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮ ತರುಣರಿಗೆ ಕಲಿಸಿದರು. ಅಲ್ಲಿ ತಯಾರಾದವರಲ್ಲಿ ಒಬ್ಬರಾದ ರಾಮ್ ಮೋಹನ್ ಮುಂದೆ ಜಪಾನೀ ನಿರ್ದೇಶಕರ ಜೊತೆಗೂಡಿ ರಾಮಾಯಣವನ್ನು ಅನಿಮೇಷನ್ ಚಿತ್ರವಾಗಿಸಿದರು. ಆ ಚಿತ್ರ ಮೂರು ದಶಕಗಳ ಬಳಿಕ, 2025ರ ಜನವರಿಯಲ್ಲಿ, ಭಾರತದ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಿತು. ಸಾರ್ವಜನಿಕ ಹಣದಲ್ಲಿ ನೀಡಿದ ತರಬೇತಿಯ ಫಲ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಉಪಕರಣ ದುಬಾರಿ ಎಂಬ ನೆಪವೂ ಈಗ ಉಳಿದಿಲ್ಲ. 2025ರ ಮಾರ್ಚಿನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಪಡೆದ ‘ಫ್ಲೋ’ ಚಿತ್ರ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ತಯಾರಾದುದು. ಅದರ ನಿರ್ದೇಶಕ ಗಿಂಟ್ಸ್ ಜಿಲ್ಬಲೊಡಿಸ್ ಲಾಟ್ವಿಯ ದೇಶದವರು; ಫ್ರಾನ್ಸ್ ಮತ್ತು ಬೆಲ್ಜಿಯಂ ನಿರ್ಮಾಣದಲ್ಲಿ ಕೈಜೋಡಿಸಿದ್ದವು. ಲಾಟ್ವಿಯದ ಜನಸಂಖ್ಯೆ 19 ಲಕ್ಷವನ್ನು ಮುಟ್ಟುವುದಿಲ್ಲ. 2011ರ ಜನಗಣತಿಯಂತೆ ನಮ್ಮ ಚಿತ್ರದುರ್ಗ ಜಿಲ್ಲೆಯೊಂದರ ಜನಸಂಖ್ಯೆಯೇ 16.6 ಲಕ್ಷ. ಚಿತ್ರದಲ್ಲಿ ಒಂದು ಮಾತೂ ಇಲ್ಲ; ಪ್ರಳಯದ ನೀರಿನಲ್ಲಿ ಸಿಲುಕಿದ ಒಂದು ಬೆಕ್ಕು ಮತ್ತು ಅದರ ಜೊತೆಗಾರ ಪ್ರಾಣಿಗಳು, ಅಷ್ಟೆ. ಬೆಕ್ಕು ಹೇಗೆ ಹೆಜ್ಜೆಯಿಡುತ್ತದೆ, ಹೇಗೆ ಬೆದರುತ್ತದೆ ಎಂಬುದರ ಸೂಕ್ಷ್ಮ ಅವಲೋಕನವೇ ಅದರ ದೊಡ್ಡ ಆಸ್ತಿ.

ಹಾಗಾದರೆ ಬರಲಿರುವ ಪ್ರಯೋಗಾಲಯಗಳು ಹೇಗಿರಬೇಕು? ಸರ್ಕಾರಿ ಸೇವೆಯ ದಿನಗಳಲ್ಲಿ, ಮಾರ್ಚ್ ತಿಂಗಳ ಕೊನೆಗೆ ಅವಸರದಲ್ಲಿ ಖರೀದಿಯಾಗಿ, ಶಾಲೆ ತಲುಪಿ, ಬೀಗ ಹಾಕಿದ ಕೊಠಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಹಳತಾದ ಕಂಪ್ಯೂಟರುಗಳನ್ನು ನಾನು ಕಂಡಿದ್ದೇನೆ. ಖರೀದಿಯನ್ನೇ ಯೋಜನೆಯ ಸಾಧನೆ ಎಂದು ಲೆಕ್ಕ ಹಾಕಿದರೆ 15,000 ಶಾಲೆಗಳಲ್ಲಿ ಅದೇ ಮರುಕಳಿಸುತ್ತದೆ. ಆದುದರಿಂದ ಮೊದಲ ವರ್ಷದ ಪಾಠ ಕಾಗದ, ಮಣ್ಣು, ಬೆಳಕು, ಒಂದು ಮೊಬೈಲ್ ಫೋನ್ ಮತ್ತು ಅದನ್ನು ಅಲುಗದಂತೆ ಹಿಡಿಯುವ ಸ್ಟ್ಯಾಂಡ್ ಇಷ್ಟರಿಂದಲೇ ನಡೆಯಲಿ. ಕಂಪ್ಯೂಟರ್ ಎರಡನೆಯ ವರ್ಷ ಬರಲಿ, ಅದರಲ್ಲಿ ಉಚಿತ ತಂತ್ರಾಂಶವೇ ಇರಲಿ. ಪ್ರತಿ ವರ್ಷ ಪರವಾನಗಿ ಶುಲ್ಕ ಕಟ್ಟಬೇಕಾದ ತಂತ್ರಾಂಶವನ್ನು ಅನುದಾನ ನಿಂತ ದಿನ ಯಾವ ಶಾಲೆಯೂ ಉಳಿಸಿಕೊಳ್ಳಲಾರದು.

ಎರಡನೆಯದಾಗಿ, ಬೋಧಕರು. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಯಲ್ಲಿ ಅನಿಮೇಷನ್ ಪ್ರಯೋಗಾಲಯವೆಂದರೆ ಬಾವಿಯಿಲ್ಲದ ಹೊಲಕ್ಕೆ ಪಂಪು ತಂದಂತೆ. ಆ ಹುದ್ದೆಗಳನ್ನು ಮೊದಲು ತುಂಬಬೇಕು. ಜೊತೆಗೆ ತೊಗಲುಗೊಂಬೆ, ಸೂತ್ರದ ಗೊಂಬೆಗಳ ಕಲಾವಿದರನ್ನು ಗೌರವಧನ ಕೊಟ್ಟು ಸಂದರ್ಶಕ ಬೋಧಕರನ್ನಾಗಿ ಕರೆಯಬೇಕು. ಪ್ರಶಸ್ತಿ ಕೊಟ್ಟು ಶಾಲು ಹೊದಿಸುವುದಕ್ಕಿಂತ ಇದು ಆ ಕಲೆಗೂ ಕಲಾವಿದರಿಗೂ ಹೆಚ್ಚು ಉಪಕಾರಿ. ಪಾಠದ ಸಾಮಗ್ರಿ ಕನ್ನಡದಲ್ಲಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಭರಮಸಾಗರದ ಪ್ರೌಢಶಾಲೆಯ ಹುಡುಗನಿಗೆ ಚೆಂಡಿನ ಪುಟಿತವನ್ನು ವಿವರಿಸಲು ಇಂಗ್ಲಿಷಿನ ಅಗತ್ಯವಿಲ್ಲ.

ಮೂರನೆಯದಾಗಿ, ಬೇಡಿಕೆ. ಹೊರದೇಶದ ಗುತ್ತಿಗೆ ಕೆಲಸವನ್ನೇ ನಂಬಿದ ಉದ್ದಿಮೆ ಹೊರದೇಶದ ಬಿರುಗಾಳಿಗೆ ಸಿಲುಕುತ್ತದೆ. ಒಳನಾಡಿನಲ್ಲಿ ನೋಡುಗರಿಲ್ಲವೆಂಬ ಮಾತು ಸುಳ್ಳೆಂದು ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ, 2025ರ ಜುಲೈನಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡ ‘ಮಹಾವತಾರ್ ನರಸಿಂಹ’ ತೋರಿಸಿತು. ನಮ್ಮ ಗೋವಿನ ಹಾಡಿನ ಕಥೆಯನ್ನು ಆಧರಿಸಿ ಸಾರ್ವಜನಿಕರ ದೇಣಿಗೆಯ ನೆರವಿನಿಂದ ತಯಾರಾದ ‘ಪುಣ್ಯಕೋಟಿ’ 2020ರಲ್ಲಿ ಬಂದದ್ದು ಸಂಸ್ಕೃತದಲ್ಲಿ. ಕನ್ನಡದ ಕಥೆಗಳು ಕನ್ನಡದಲ್ಲಿಯೇ ಬರಲು ಆರಂಭಿಕ ಆಸರೆ ಬೇಕು. ಕೃಷಿ, ಆರೋಗ್ಯ, ಶಿಕ್ಷಣ ಇಲಾಖೆಗಳು ಪ್ರಚಾರಕ್ಕಾಗಿ ಮಾಡುವ ವೆಚ್ಚದಲ್ಲಿ ಸಣ್ಣದೊಂದು ಪಾಲನ್ನು ಜಿಲ್ಲೆಗಳ ತರುಣ ಕಲಾವಿದರ ಕಿರುಚಿತ್ರಗಳಿಗೆ ಮೀಸಲಿಟ್ಟರೆ ಆ ಆಸರೆ ದೊರೆಯುತ್ತದೆ. ಈರುಳ್ಳಿ ಬೆಳೆಯ ರೋಗವನ್ನು ಕುರಿತ ಎರಡು ನಿಮಿಷದ ಚಿತ್ರವನ್ನು ಈರುಳ್ಳಿ ಬೆಳೆದವರ ಮಗಳಿಗಿಂತ ಚೆನ್ನಾಗಿ ಯಾರು ಮಾಡಬಲ್ಲರು?

ಇಷ್ಟೆಲ್ಲ ಮಾಡಿದರೂ ಕಲಿತ ಪ್ರತಿಯೊಬ್ಬರಿಗೂ ಸ್ಟುಡಿಯೊಗಳಲ್ಲಿ ಕೆಲಸ ಸಿಕ್ಕೀತೆಂದು ಯಾರೂ ಭರವಸೆ ಕೊಡಲಾಗದು, ಕೊಡಲೂಬಾರದು. ಮುಂಗಡಪತ್ರದ 20 ಲಕ್ಷವೆಂಬ ಅಂಕಿ ಅಂದಾಜೇ ಹೊರತು ವಾಗ್ದಾನವಲ್ಲ. ಆದರೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಂದು ಚಲನೆಯನ್ನು ಇಪ್ಪತ್ನಾಲ್ಕು ತುಂಡುಗಳಾಗಿ ಬಿಡಿಸಿ ನೋಡಲು ಕಲಿತ ಮಗು ಮುಂದೆ ದಾದಿಯಾದರೂ, ಮೆಕ್ಯಾನಿಕ್ ಆದರೂ, ಮೇಷ್ಟ್ರಾದರೂ ಆ ನೋಟವನ್ನು ಕಳೆದುಕೊಳ್ಳುವುದಿಲ್ಲ. ಪ್ರಯೋಗಾಲಯಗಳ ಟೆಂಡರು ಕರೆಯುವ ಮೊದಲು ಪಠ್ಯಕ್ರಮ ಬರೆಯುವವರು ಕುಳಿತು ಚರ್ಚಿಸಬೇಕು. ಈ ಬಾರಿಯಾದರೂ ಖರೀದಿಯ ಪಟ್ಟಿ ಪಠ್ಯಕ್ರಮದ ಬೆನ್ನ ಹಿಂದೆ ಬರಲಿ.